ಉದ್ದ ತೋಳಿನ ಸ್ವೆಟರ್

ಮನೆಯಿಂದ,
ಮಾರ್ಚ್ ೧೫, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಮುಲಾಮು ಹಚ್ಚಿಕೊಳ್ಳುವುದಕ್ಕೂ ನಿನಗೆ ಸೋಮಾರಿತನ, ನನಗೆ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟರೆ ಪೆನ್ನು ಮುಂದೆ ಹೋಗುತ್ತಿಲ್ಲ. ಅಮ್ಮನಿಗೆ ಜ್ವರವಿಲ್ಲ, ಊಟ ಬಿಟ್ಟಿಲ್ಲ, ಗಾಬರಿಯಾಗಬೇಡ. ಆದರೆ ನಿನ್ನೆ ನಡೆದದ್ದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಕೂತುಕೊಂಡು ಓದು.

ಅಪ್ಪ ಕಾಣೆಯಾದ ಕಣಿವೆಯಲ್ಲಿ ಯುದ್ಧದ ಮ್ಯೂಸಿಯಂ ಮಾಡಿ, ಅಲ್ಲಿಂದ ಗುಡ್ಡದ ಮೇಲಿನವರೆಗೆ ಕಾಲುದಾರಿ ಹಾಕಿದ್ದಾರೆ ಎಂದು ಹಿಂದೆಯೇ ಬರೆದಿದ್ದೆ. ಆಗ ಕರೆದಾಗ ಅಮ್ಮ, "ಬದುಕಿರೋರಿಗೆ ಸ್ಮಾರಕ ಯಾಕೆ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಈಗ ಅವಳೇ, "ಮಂಡಿ ಪೂರ್ತಿ ಕೈಕೊಡೋ ಮುಂಚೆ ಒಂದ್ಸಲ ನೋಡ್ಕೊಂಡು ಬರೋಣ ನಡಿ" ಎಂದಳು. ನಿನ್ನೆ ಬೆಳಗಿನ ಬಸ್ಸಿಗೆ ಹೋದೆವು.

ಒಳಗೆ ಮೂರು ಕೋಣೆ. ತುಕ್ಕು ಹಿಡಿದ ನೀರಿನ ಬಾಟಲಿಗಳು, ಹರಿದ ಬೂಟುಗಳು, ತೂತು ಬಿದ್ದ ಒಂದು ಸ್ಟ್ರೆಚರ್. ಏನೂ ಕೊಳ್ಳುವುದಿಲ್ಲವೆಂದು ಮೊದಲೇ ತೀರ್ಮಾನಿಸಿ ಅಂಗಡಿಗೆ ಬಂದವಳ ಹಾಗೆ ಅಮ್ಮ ಸರಸರನೆ ನಡೆದಳು. ಮೂರನೆಯ ಕೋಣೆಯಲ್ಲಿ ನಿಂತುಬಿಟ್ಟಳು. ಗಾಜಿನ ಹಿಂದೆ ಒಂದು ಬೂದು ಸ್ವೆಟರ್ ಇತ್ತು ಅಣ್ಣಾ. ಎಡತೋಳು ನಾಲ್ಕು ಬೆರಳಷ್ಟು ಉದ್ದ, ಅದರ ಅಂಚು ಮಾತ್ರ ಹಸಿರು. ಬೂದು ಉಣ್ಣೆ ಸಾಲದೆ ಅಮ್ಮ ತನ್ನ ಹಳೆಯ ಶಾಲು ಬಿಚ್ಚಿ ಮುಗಿಸಿದ ಸ್ವೆಟರ್. ಅವಳಿಗೆ ಆಗ ಹೆಣಿಗೆ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ತೊಟ್ಟು ನೋಡಿ, "ಡ್ರೈವರಿಗೆ ಗೇರು ಹಾಕೋ ಕೈ ಉದ್ದ ಇದ್ರೆ ಒಳ್ಳೇದೇ ಕಣೇ" ಎಂದು ನಕ್ಕಿದ್ದರಂತಲ್ಲ, ಅದೇ. ಯುದ್ಧ ಬಂದು ಅಪ್ಪ ಬಸ್ಸು ಬಿಟ್ಟು ಆಂಬುಲೆನ್ಸ್ ಓಡಿಸಲು ಹೊರಟ ದಿನ ಹಾಕಿಕೊಂಡು ಹೋದದ್ದು.

ಕೆಳಗಿನ ಫಲಕದಲ್ಲಿದ್ದದ್ದು ಬೇರೆ ಯಾರದೋ ಹೆಸರು. ಒಬ್ಬ ವೈರ್‌ಲೆಸ್ ಆಪರೇಟರನ ದೇಹದ ಮೇಲೆ ಸಿಕ್ಕಿದ ಸ್ವೆಟರ್, ಅವನ ಸಮಾಧಿ ಕಾಲುದಾರಿಯ ಕೊನೆಯಲ್ಲಿದೆ ಎಂದು ಬರೆದಿತ್ತು. ನನ್ನ ಬುದ್ಧಿ ಗೊತ್ತಲ್ಲ, ಸೀದಾ ಕಾವಲುಗಾರನ ಮೇಲೆ ಹರಿಹಾಯ್ದೆ. ಪಾಪ, ಅವನು, "ನನ್ನ ಮೇಲೆ ಯಾಕೆ ಕೂಗ್ತೀರಾ ಮೇಡಂ? ಕೊಟ್ಟಿದ್ದು ಆ ಹುಡುಗನ ಅಕ್ಕ. ಭಾನುವಾರ ಬಂದೇ ಬರ್ತಾರೆ, ಈಗ ಮೇಲೇ ಇರಬೇಕು ನೋಡಿ" ಎಂದ. ನಾನು ಇನ್ನೂ ಏನೋ ಹೇಳುವುದರಲ್ಲಿದ್ದೆ, ಅಮ್ಮ ಆಗಲೇ ಬಾಗಿಲು ದಾಟಿದ್ದಳು.

ದಾರಿಗೆ ಜಲ್ಲಿ ಹಾಸಿ, ಹಿಡಿದುಕೊಳ್ಳಲು ಕಂಬಿ ಹಾಕಿದ್ದಾರೆ. ಕಂದಕದ ಪಕ್ಕದಲ್ಲಿ ಗಂಡಹೆಂಡಿರಿಬ್ಬರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೆಂಚು ಕಂಡಲ್ಲೆಲ್ಲ ಕೂತುಕೋ ಎಂದೆ, ಅಮ್ಮ ಕೂರಲಿಲ್ಲ. ಅರ್ಧ ಹತ್ತಿದ ಮೇಲೆ, "ಬಿಚ್ಚಿ ಕೊಟ್ಟಿರಬಹುದು ಅಲ್ವೇನೇ? ಯಾರಾದ್ರೂ ಚಳಿ ಅಂದ್ರೆ ನಿಮ್ಮಪ್ಪ ಸುಮ್ನಿರೋ ಆಸಾಮಿ ಅಲ್ಲ" ಎಂದಳು. ಹೌದಮ್ಮಾ ಎಂದೆ.

ಕೊನೆಯ ತಿರುವಿನಲ್ಲಿ ಬಿಳಿ ಕಲ್ಲಿನ ಮುಂದೆ ಒಬ್ಬ ವಯಸ್ಸಾದ ಹೆಂಗಸು ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದರು. ಅವರೇ ಆ ಅಕ್ಕ, ನರ್ಸ್ ಆಗಿ ನಿವೃತ್ತರಾದವರು. ನಾನು ಜಗಳಕ್ಕೆಂದೇ ಹೋಗಿದ್ದೆ. ಅಮ್ಮ, "ಆ ಸ್ವೆಟರ್ ನಾನು ಹೆಣೆದಿದ್ದು" ಎಂದಷ್ಟೇ ಹೇಳಿದಳು. ಅವರು ಕೈಯ ಮಣ್ಣು ಒರೆಸಿಕೊಳ್ಳುವುದನ್ನೂ ಮರೆತು ಅಮ್ಮನ ಎರಡೂ ಕೈ ಹಿಡಿದುಕೊಂಡರು. "ಬಂದ್ರಾ? ನೀವು ಬರಲಿ ಅಂತಾನೇ ಅದನ್ನ ಗಾಜಿನಲ್ಲಿ ಇಡೋಕೆ ಕೊಟ್ಟಿದ್ದು" ಎಂದರು.

ಪಕ್ಕದಲ್ಲಿ ಬಿದ್ದಿದ್ದ ಚೀಲದ ಮೇಲೆ ತಮ್ಮನ ಹೆಸರು ನೋಡಿ ದೇಹವನ್ನು ಅವರ ಮನೆಯವರಿಗೆ ಇಲ್ಲೇ ಒಪ್ಪಿಸಿದ್ದರಂತೆ. ಮುಖ ಗುರುತು ಸಿಗುವ ಹಾಗಿರಲಿಲ್ಲವಂತೆ. "ಎಡಗೈ ಕಿರುಬೆರಳು ಅರ್ಧ ಇರಲಿಲ್ಲಮ್ಮ. ನನ್ನ ತಮ್ಮನಿಗೆ ಹತ್ತೂ ಬೆರಳು ಇದ್ವು. ಆದ್ರೆ ನಮ್ಮಮ್ಮ ಮಗ ಸಿಕ್ಕಿದ ಅಂತ ತಬ್ಬಿಕೊಂಡು ಕೂತಿದ್ಲು. ಅವನಲ್ಲ ಅನ್ನೋಕೆ ನನಗೆ ಬಾಯೇ ಬರಲಿಲ್ಲ. ಅವಳು ಹೋದ ಮೇಲೆ ಸ್ವೆಟರನ್ನ ಮ್ಯೂಸಿಯಂಗೆ ತಂದುಕೊಟ್ಟೆ."

ಬಸ್ಸಿನ ಬಾನೆಟ್ಟಿಗೆ ಸಿಕ್ಕಿ ಹೋದ ಅಪ್ಪನ ಬೆರಳು ಅಣ್ಣಾ. ನಿನಗೆ ನೆನಪಿರಬೇಕು, ನಾನು ಕೇಳಿ ಬಲ್ಲೆ ಅಷ್ಟೇ.

ಅಮ್ಮ ಮೆಲ್ಲಗೆ ಕೂತಳು. ಕಲ್ಲಿನ ಮೇಲೆ ಕೈಯಿಟ್ಟು, ಮನೆಯಲ್ಲಿ ಬೈಯುವ ಧ್ವನಿಯಲ್ಲೇ, "ಎರಡು ದಿನದಲ್ಲಿ ಬರ್ತೀನಿ ಅಂದಿದ್ರಲ್ರೀ" ಎಂದಳು. ಆಮೇಲೆ ಅತ್ತಳು. ಅಮ್ಮ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಸುಧಾರಿಸಿಕೊಂಡ ಮೇಲೆ ಅವಳು ಮೊದಲು ಕೇಳಿದ್ದು, "ನಿಮ್ಮ ತಮ್ಮ?" ಎಂದು. "ಗೊತ್ತಿಲ್ಲ. ಅವನನ್ನೂ ಎಲ್ಲೋ ಯಾರೋ ನೋಡ್ಕೊಳ್ತಿರಬಹುದು ಅಂದ್ಕೊಂಡೇ ಇವರನ್ನ ನಾನು ನೋಡ್ಕೊಂಡೆ" ಎಂದರು ಅವರು. ನನ್ನ ಜಗಳವೆಲ್ಲ ಎಲ್ಲಿ ಹೋಯಿತೋ.

ಮೂವರೂ ಕೆಳಗಿಳಿದು ಕಚೇರಿಗೆ ಹೋದೆವು. ರಕ್ತ ಪರೀಕ್ಷೆ ಆಗಬೇಕಂತೆ, ಕೊಡುತ್ತೇನೆ ಎಂದಿದ್ದೇನೆ. ಅಮ್ಮನಿಗೆ ಯಾವ ಪರೀಕ್ಷೆಯೂ ಬೇಕಿಲ್ಲ. ಹೊಂದಿಕೆಯಾದರೆ ಕಲ್ಲಿನ ಹೆಸರು ತೆಗೆದು ಅಪ್ಪನ ಹೆಸರು ಕೆತ್ತಿಸುತ್ತೇವೆ ಎಂದು ಅಧಿಕಾರಿ ಹೇಳುತ್ತಿದ್ದಂತೆ ನರ್ಸಮ್ಮ ತಲೆ ತಗ್ಗಿಸಿದರು. ಅಮ್ಮ ಮೇಜಿಗೆ ಕೈ ಊರಿ, "ಆ ಹುಡುಗನ ಹೆಸರು ಅಳಿಸೋದು ಬೇಡ. ಕೆಳಗೆ ನಮ್ಮವರದ್ದೂ ಬರೀರಿ, ಜಾಗ ಇದೆ" ಎಂದಳು. ಹಾಗೆಲ್ಲ ಮಾಡಲು ಬರುವುದಿಲ್ಲ ಎಂದು ಅಧಿಕಾರಿ ರಾಗ ಎಳೆದರು. ಅಮ್ಮ ಮಾತು ಬದಲಿಸಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಹೆಗಲಿಗೆ ಒರಗಿದ್ದಳು. ಎಷ್ಟು ಹಗುರವಾಗಿದ್ದಾಳೆ ಗೊತ್ತಾ.

ಅಮ್ಮ, "ಅವನ ತಲೆ ಸವರಿದೀನಿ ಅಂತ ಬರಿ" ಎನ್ನುತ್ತಿದ್ದಾಳೆ, ಬರೆದಿದ್ದೇನೆ. ಒಬ್ಬನೇ ಕೂತು ಅಳಬೇಡ, ಹತ್ತಿರದಲ್ಲಿ ಯಾರಾದರೂ ಇರಲಿ.

ನಿನ್ನ ತಂಗಿ,
ಮೆಣಸಿನಕಾಯಿ

ಮರೆತಿದ್ದೆ: ನಿನ್ನ ಪೆಟ್ಟಿಗೆಯಲ್ಲಿರುವ ಅಪ್ಪನ ಫೋಟೋ ಬೇಕು. ಇರುವುದು ಅದೊಂದೇ, ನೀನು ಯಾರ ಕೈಗೂ ಕೊಡುವುದಿಲ್ಲವೆಂದೂ ಗೊತ್ತು. ಆದರೆ ಅಮ್ಮ ಬೆಳಗಿನಿಂದ ಒಂದೇ ಸಮನೆ ಕೇಳುತ್ತಿದ್ದಾಳೆ. ತನಗಲ್ಲ, ನರ್ಸಮ್ಮನಿಗೆ ತೋರಿಸಬೇಕಂತೆ. "ಇಷ್ಟು ವರ್ಷ ಮುಖಾನೂ ಗೊತ್ತಿಲ್ದೆ ನೋಡ್ಕೊಂಡಿದ್ದಾರೆ, ಯಾರು ಅಂತ ತೋರಿಸೋದು ಬೇಡ್ವಾ?" ಎನ್ನುತ್ತಾಳೆ. ಅಂಚೆಗೆ ಹಾಕಬೇಡ ಅಣ್ಣಾ, ನೀನೇ ತೆಗೆದುಕೊಂಡು ಬಾ.