ಫೋನಿನ ಮೇಲಿನ ದಿಂಬು

ಬುಜಾವ್
ಮಾರ್ಚ್ 28, ಗುರುವಾರ

ಪ್ರೀತಿಯ ಅಜ್ಜಿ,

ನಿನ್ನ ಮಂಡಿ ನೋವು ಹೇಗಿದೆ? ರೋದಿಕಾ ಅತ್ತೆ ಕಳಿಸಿದ ಪ್ಲಮ್ ಜಾಮ್ ಬಂದು ತಲುಪಿ, ಖಾಲಿಯಾಗಿ, ಸೀಸೆಯನ್ನೂ ತೊಳೆದಿಟ್ಟಾಯಿತು. ಆದರೂ ನಿನಗೆ ಒಂದು ಸಾಲು ಬರೆಯಲಿಲ್ಲ. ಬೈಯಬೇಕೆನಿಸಿದರೆ ಬೈದುಬಿಡು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಳೆ, ಗಾಳಿ, ಬಿಸಿಲು ಬಿಟ್ಟು ಬೇರೇನೂ ಮಾತಾಡುವವಳಲ್ಲ. ನಾನು ಹೇಳಬೇಕಾದದ್ದು ಮಳೆ ಬಿಸಿಲಿನ ವಿಷಯವಲ್ಲ.

ಕೆಲಸ ಹೋಯಿತು. ಅಳಬೇಡ, ನಾನೂ ಅತ್ತಿಲ್ಲ. ಹೇಸಿಗೆಯಾಗಿದೆ, ಅಷ್ಟೇ.

ನಾನು ಓದು ಬಿಟ್ಟು ಈ ಕೆಲಸಕ್ಕೆ ಸೇರಿದಾಗ ಮನೆಯವರೆಲ್ಲ "ಟೆಲಿಫೋನ್ ಕೆಲಸ ರಕ್ತದಲ್ಲೇ ಇದೆ, ತಾತನ ಕೈ ಬಂದಿದೆ ಹುಡುಗನಿಗೆ" ಎಂದು ಸಂಭ್ರಮಪಟ್ಟಿದ್ದರು. ಅತ್ತೆ ತಾತನ ಸ್ಕ್ರೂಡ್ರೈವರನ್ನೂ ಕೊಟ್ಟಳು. ನೀನು ಮಾತ್ರ ಸೂಪ್ ಕಲಕುತ್ತಲೇ ಇದ್ದೆ. ಊರಿನ ಕಂಪನಿಗಳ ಫೋನು, ಇಂಟರ್ನೆಟ್ಟು, ಕಂಪ್ಯೂಟರು ಕೆಟ್ಟರೆ ಹೋಗಿ ಸರಿಮಾಡುವುದು ನನ್ನ ಕೆಲಸ. ಹೇಳಲು ಚೆನ್ನಾಗಿದೆ. ಕೀಬೋರ್ಡ್ ತಿರುಗಿಸಿ ಕೊಡವಿದರೆ ಒಂದು ಹಿಡಿ ಸೂರ್ಯಕಾಂತಿ ಬೀಜದ ಸಿಪ್ಪೆ ಉದುರುತ್ತದೆ. ಸರ್ವರ್ ಇಟ್ಟ ಕೋಣೆ ತಣ್ಣಗಿರುತ್ತದೆಂದು ಲೆಕ್ಕಪತ್ರದವರು ಉಪ್ಪಿನಕಾಯಿ ಎಲೆಕೋಸಿನ ಪೀಪಾಯಿಯನ್ನು ಅಲ್ಲೇ ಇಟ್ಟಿರುತ್ತಾರೆ. ಅದು ಸೋರಿ ತಂತಿಗೆ ತುಕ್ಕು ಹಿಡಿದಿದ್ದರೂ "ನಾವೇನೂ ಮುಟ್ಟಿಲ್ಲಪ್ಪ" ಎನ್ನುತ್ತಾರೆ. ನಮ್ಮ ಬಾಸ್ ಮಂತಾ ಅವರಿಗಿಂತ ಒಂದು ಕೈ ಮೇಲು. "ಸರಿಹೋಯ್ತು ಅಂತ ಬರ್ದುಬಿಡು. ನಾಳೆ ಮತ್ತೆ ಕೆಟ್ರೆ ಅದು ಬೇರೆ ದೂರು" ಎನ್ನುತ್ತಾನೆ. ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಎಲೆಕೋಸಿನ ವಾಸನೆ ಹೋಗುತ್ತಿರಲಿಲ್ಲ. ಅದನ್ನಾದರೂ ಸಹಿಸಿಕೊಂಡಿದ್ದೆ.

ಹೋದ ವಾರ ಮಂತಾ ನನ್ನನ್ನು ಒಂದು ಕಿಟಕಿ ಬಾಗಿಲು ತಯಾರಿಸುವ ಕಂಪನಿಗೆ ಕಳಿಸಿದ. ಅಲ್ಲಿ ಆರ್ಡರ್ ತೆಗೆದುಕೊಳ್ಳುವ ಹೆಂಗಸರು ಒಂದು ಉದ್ದನೆಯ ಕೋಣೆಯಲ್ಲಿ ಸಾಲಾಗಿ ಫೋನ್ ಮುಂದೆ ಕೂರುತ್ತಾರೆ. ಊರಿಗೆಲ್ಲ ಚಳಿ ತಡೆಯುವ ಕಿಟಕಿ ಮಾರುವ ಇವರ ಕೋಣೆಗೆ ಈ ಚಳಿಗಾಲ ಪೂರ್ತಿ ಹೀಟರ್ ಹಾಕಿರಲಿಲ್ಲ. ಯಾರೋ ಒಬ್ಬಳು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಳು. ಯಾರೆಂದು ತಿಳಿದರೆ ಅವಳನ್ನು ಮನೆಗೆ ಕಳಿಸಲು ಡೈರೆಕ್ಟರ್ ಕಾದು ಕೂತಿದ್ದ.

ಬಾಗಿಲು ಹಾಕಿಕೊಂಡು ಹೇಳಿದ: "ನೋಡಪ್ಪ, ಅವರು ಫೋನಲ್ಲಿ ಮಾತಾಡೋದು ನನ್ನ ರೂಮಲ್ಲಿ ನಂಗೆ ಕೇಳಿಸ್ಬೇಕು. ಅವರಿಗೆ ಸುಳಿವೇ ಸಿಗ್ಬಾರ್ದು."

"ಅವರಿಗೆ ಮೊದಲೇ ಹೇಳ್ತೀರಾ ಸರ್?"

"ಹೇಳಿದ್ರೆ ಮಾತಾಡ್ತಾರೇನೋ ಪೆದ್ದ?"

ಆಗಲ್ಲ ಎಂದೆ. ಆತ ಅಲ್ಲೇ ಮಂತಾಗೆ ಫೋನ್ ಮಾಡಿದ. ಮಂತಾ ಕಾರಿನಲ್ಲಿ ಬಂದು, ಎಳ್ಳು ಹಚ್ಚಿದ ಕೊವ್ರಿಗ್ ರೊಟ್ಟಿ ಕಡಿಯುತ್ತಲೇ ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಆ ಸೆಟ್ಟಿಂಗ್ ಹಾಕಿದ. ಬಾಯಲ್ಲಿದ್ದದ್ದನ್ನು ನುಂಗುವಷ್ಟರಲ್ಲಿ ಕೆಲಸ ಮುಗಿದಿತ್ತು.

ನಾನು ನೇರ ಹೆಂಗಸರ ಕೋಣೆಗೆ ಹೋದೆ. ಅವರಲ್ಲಿ ಹಿರಿಯಳು ದೊಯ್ನಾ. ಕೋಟು ಹಾಕಿಕೊಂಡೇ ಕೂತಿದ್ದಳು.

"ಏನು ಮರಿ, ಮುಖ ಹಂಗಿದೆ? ಈಸ್ಟರ್ ಉಪವಾಸ ಜಾಸ್ತಿ ಆಯ್ತಾ?" ಎಂದಳು.

"ಅಕ್ಕಾ, ಇವತ್ತಿಂದ ನಿಮ್ಮ ಫೋನ್ ಕದ್ದು ಕೇಳ್ತಾರೆ. ಎಲ್ರದ್ದೂ. ಮನೆ ವಿಷಯ ಇದ್ರೆ ಇದ್ರಲ್ಲಿ ಮಾತಾಡ್ಬೇಡಿ."

ದೊಯ್ನಾ "ನಮ್ಮಮ್ಮ ಈಗ ಇರ್ಬೇಕಿತ್ತು" ಎಂದಷ್ಟೇ ಹೇಳಿ ಪಕ್ಕದವಳ ಮುಖ ನೋಡಿದಳು. ಇಬ್ಬರಿಗೂ ಏನೋ ಅರ್ಥವಾದಂತಿತ್ತು.

ಮರುದಿನ ಪ್ರಿಂಟರ್ ರಿಪೇರಿಗೆಂದು ಮತ್ತೆ ಅಲ್ಲಿಗೇ ಹೋಗಬೇಕಾಯಿತು. ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ ಅಜ್ಜಿ. ಪ್ರತಿ ಮೇಜಿನ ಮೇಲೂ ಫೋನಿನ ಮೇಲೆ ಒಂದೊಂದು ದಿಂಬು! ಕಸೂತಿ ಹಾಕಿದ್ದು, ಮಗುವಿನದ್ದು, ಒಂದರ ಮೇಲಂತೂ ಬೆಕ್ಕಿನ ಕೂದಲು. ಆ ಹಳೇ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಕದ್ದು ಕೇಳುತ್ತಾರೆಂದು ಎಲ್ಲರ ಮನೆಯಲ್ಲೂ ಇಡುತ್ತಿದ್ದರಲ್ಲ, ಹಾಗೆ. ನಮ್ಮ ಮನೆಯಲ್ಲಿ ನೀನು ಇಡುತ್ತಿದ್ದ ಕೆಂಪು ಹುಂಜದ ಚಿತ್ರದ ದಿಂಬು ನೆನಪಾಗಿ ನಗು ಬಂತು.

"ಅಕ್ಕಾ, ಈ ಫೋನಿಗೆ ದಿಂಬು ಇಟ್ರೆ ಏನೂ ಆಗಲ್ಲ" ಎಂದೆ.

"ಗೊತ್ತು ಕಣೋ. ನಮಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಗ್ಲಿ" ಎಂದಳು ದೊಯ್ನಾ. ಫೋನ್ ರಿಂಗಾದಾಗ ದಿಂಬು ಎತ್ತಿ, ಫೋನಿನೊಳಗೆ ಗಟ್ಟಿಯಾಗಿ "ನಮಸ್ಕಾರ, ನಮ್ಮ ಡೈರೆಕ್ಟರ್ ಸಾಹೇಬ್ರಿಗೂ ನಮಸ್ಕಾರ, ಯಾವ ಅಳತೆ ಕಿಟಕಿ ಬೇಕು?" ಎಂದಳು. ಕೋಣೆಯೆಲ್ಲ ನಕ್ಕಿತು. ಡೈರೆಕ್ಟರ್ ಕೆಂಪಗಾಗಿ ಬಾಗಿಲಿಗೆ ಬಂದು ನಿಂತ. ಯಾರನ್ನೆಂದು ಹೊರಗೆ ಹಾಕುತ್ತಾನೆ? ಎಲ್ಲರ ಫೋನಿನ ಮೇಲೂ ದಿಂಬಿತ್ತು.

ಹೊರಗೆ ಹಾಕಲು ಸಿಕ್ಕವನು ನಾನೊಬ್ಬನೇ. ಮೊನ್ನೆ ಮಂತಾ ಆಫೀಸಿಗೆ ಕರೆಸಿ, "ಹೈಸ್ಕೂಲು ಮುಗಿಸದ ನಿನಗೆ ಅನ್ನ ಕೊಟ್ಟೆ, ಅದಕ್ಕೆ ಇದಾ?" ಎಂದ. ನಾನೂ ಸುಮ್ಮನಿರಲಿಲ್ಲ. "ನೀವು ಮಾಡಿದ್ದು ಕಳ್ಳತನ ಸರ್" ಎಂದೆ. ಆಮೇಲೆ ಅವನು ತಾತನ ಹೆಸರು ತೆಗೆದ. ನಾನು ಕೀಲಿಕೈ ಮೇಜಿನ ಮೇಲೆ ಎಸೆದು ಬಂದೆ.

ಇನ್ನೊಂದು ಕೆಲಸ ಹುಡುಕುತ್ತೇನೆ, ಚಿಂತೆ ಮಾಡಬೇಡ. ದೊಯ್ನಾಳ ತಮ್ಮ ಲಿಫ್ಟ್ ರಿಪೇರಿ ಮಾಡುತ್ತಾನಂತೆ, ಮಾತಾಡಿಸುತ್ತೇನೆಂದಿದ್ದಾಳೆ. ಲಿಫ್ಟಿಗೆ ಕಿವಿಯಿಲ್ಲ, ಅದೇ ಸಮಾಧಾನ. ನಿನ್ನ ಮಂಡಿ ಬೇಗ ವಾಸಿಯಾಗಲಿ, ದೇವರ ತಾಯಿ ನಿನ್ನನ್ನು ಕಾಯಲಿ. ಚರ್ಚಿಗೆ ಹೋದಾಗ ಆ ಹೆಂಗಸರ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚು.

ನಿನ್ನ ಮೊಮ್ಮಗ,
ತ್ರಾಯಾನ್

ಮರೆತಿಲ್ಲ, ಬರೆಯಲೋ ಬೇಡವೋ ಎಂದು ಉಳಿಸಿಕೊಂಡಿದ್ದೆ: ಇಷ್ಟನ್ನು ಅತ್ತೆಗೆ ಓದಲು ಕೊಡಬೇಡ. ಮಂತಾ ಹುಡುಗನಾಗಿದ್ದಾಗ ನಿಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಾತನ ಕೈಕೆಳಗೆ ಕೆಲಸ ಕಲಿತನಂತೆ. "ಕದ್ದು ಕೇಳೋದು ಕಳ್ಳತನಾನಾ? ನಂಗೆ ಹೇಳ್ಕೊಟ್ಟವನು ನಿಮ್ಮ ತಾತನೇ ಕಣೋ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಲೈನಲ್ಲಿ ಒಂದು ಸದ್ದೂ ಬರ್ತಿರ್ಲಿಲ್ಲ. ಕೇಳಿದ್ದೆಲ್ಲ ಗುಪ್ತ ಪೊಲೀಸ್ರಿಗೆ ಮುಟ್ಟಿಸ್ತಿದ್ದ" ಎಂದ. ಸುಳ್ಳು ಎಂದು ಕೂಗಿದೆ. ಆದರೆ ದಾರಿಯುದ್ದಕ್ಕೂ ಒಂದೇ ನೆನಪು. ಸರ್ಕಾರ ಬಿದ್ದು ಎಷ್ಟೋ ವರ್ಷಗಳಾಗಿದ್ದರೂ ತಾತ ಮನೆಯೊಳಗೆ ಬಂದರೆ ನೀನು ಫೋನಿನ ಮೇಲೆ ದಿಂಬು ಇಡುತ್ತಿದ್ದೆ. ಅವರನ್ನು ಮಣ್ಣು ಮಾಡಿ ಬಂದ ಮರುದಿನ ಅದನ್ನು ಒಗೆದು ಬಿಸಿಲಿಗೆ ಹಾಕಿದೆ. ಆಮೇಲೆ ಅದು ಫೋನಿನ ಮೇಲೆ ಬರಲೇ ಇಲ್ಲ, ನನ್ನ ಹಾಸಿಗೆಗೆ ಬಂತು. ಈಗಲೂ ತಲೆ ಇಡುವುದು ಅದರ ಮೇಲೆಯೇ, ಎರಡು ದಿನದಿಂದ ಮಾತ್ರ ಆಗುತ್ತಿಲ್ಲ. ಈಸ್ಟರಿಗೆ ಬರುತ್ತೇನೆ. ಫೋನಿನಲ್ಲಿ ಬೇಡ, ಎದುರಿಗೆ ಹೇಳು: ಆ ದಿಂಬು ಸರ್ಕಾರಕ್ಕೆ ಹೆದರಿ ಇಟ್ಟದ್ದೋ ಅಜ್ಜಿ, ತಾತನಿಗೋ?