ಅರಗುರೆಕ್ಕೆಯ ಹಕ್ಕಿಗಳು ಬಂದ ದಿನ

ಲುಬ್ಲಿನ್
ಜನವರಿ 17, ಗುರುವಾರ

ನನ್ನ ಗೆನೆಕ್,

'ನನ್ನ' ಅಂತ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಬೇಜಾರಾದರೆ ಆ ಒಂದು ಪದ ಬಿಟ್ಟು ಓದು.

ನಿನ್ನ ಹಕ್ಕಿಗಳು ಬಂದವು! ಹನ್ನೆರಡು ಚಳಿಗಾಲ ದುರ್ಬೀನು ಹಿಡಿದು ಅಡುಗೆಮನೆ ಕಿಟಕಿಯಲ್ಲಿ ಕಾದೆಯಲ್ಲ, ಆ ಅರಗುರೆಕ್ಕೆಯವು. ನೀನು ಮುನಿಸಿಕೊಂಡು ನಿನ್ನಕ್ಕನ ಮನೆ ಸೇರಿ ಮೂರು ತಿಂಗಳಾದ ಮೇಲೆ, ಈ ಸೋಮವಾರ ಬೆಳಿಗ್ಗೆ.

ಮೊದಲು ತಪ್ಪೊಪ್ಪಿಗೆ. ಅಂಗಳದಲ್ಲಿ ನೀನು ನೆಟ್ಟ ಆರು ಯಝೆಂಬಿನಾ ಮರಗಳನ್ನು ಕಡಿಸುವ ಅರ್ಜಿಗೆ ಮೊದಲ ಸಹಿ ನನ್ನದೇ. ಕೆಳಮನೆ ಜೆನೋನ್ ಹಾಕಿದ್ದು ಎರಡನೆಯದು; ಅವನದೇ ಮೊದಲು ಅಂತ ನಿನಗೆ ಹೇಳಿದ್ದು ಸುಳ್ಳು. ಆ ಕೆಂಪು ಹಣ್ಣುಗಳ ಕಲೆ ಒರೆಸಿ ಒರೆಸಿ ಸಾಕಾಗಿತ್ತು. ಅಷ್ಟೇ ಅಲ್ಲ, ನೀನು ನನ್ನ ಮುಖಕ್ಕಿಂತ ಆ ಮರಗಳನ್ನೇ ಹೆಚ್ಚು ನೋಡುತ್ತಿದ್ದೆ. ಅವುಗಳ ಜಾಗಕ್ಕೆ ಕಸ ಹಾಕದ ತೂಯಾ ಗಿಡಗಳ ಬೇಲಿ ಹಾಕಿಸೋಣ ಅಂತ ನಾನು ಅಂದಿದ್ದೆ. ಹೊರದೇಶದಿಂದ ತಂದ ಆ ಗಿಡಕ್ಕೆ ನಮ್ಮೂರ ಹುಳವೂ ಹತ್ತಲ್ಲ ಕಣೇ, ಹುಳ ಇಲ್ಲದೆ ಹಕ್ಕಿ ಮರಿಗೇನು ತಿನ್ನಿಸುತ್ತೆ, ನಿನ್ನ ಪಿಯೆರೋಗಿ ಕಡುಬಾ, ಅಂತ ನೀನು ರೇಗಿದ್ದೆ.

ಸೋಮವಾರ ಗರಗಸದವರು ಬಂದರು. ಕಡಿಯುವುದನ್ನು ನೋಡಲೆಂದೇ ನಾನು ಕಿಟಕಿ ತೆರೆದೆ. ಆಗ, ಸಣ್ಣ ಗಾಜಿನ ಗಂಟೆಗಳನ್ನು ಯಾರೋ ಆಕಾಶದಲ್ಲಿ ಅಲ್ಲಾಡಿಸಿದ ಹಾಗೆ ಸದ್ದು. ಇನ್ನೂರೋ ಮುನ್ನೂರೋ! ಜುಟ್ಟು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ತುದಿಗೆ ಹಳದಿ, ರೆಕ್ಕೆಯ ಮೇಲೆ ಕರಗಿಸಿ ತೊಟ್ಟಿಕ್ಕಿಸಿದಂಥ ಕೆಂಪು ಅರಗು. ಎಲೆ ಉದುರಿ ಹಣ್ಣಷ್ಟೇ ಉಳಿದಿದ್ದ ಕೊಂಬೆಗಳೆಲ್ಲ ಒಂದೇ ಗಳಿಗೆಯಲ್ಲಿ ತುಂಬಿ ಬಾಗಿದವು.

ಮನೆ ಚಪ್ಪಲಿಯಲ್ಲೇ ನಾಲ್ಕು ಮಹಡಿ ಇಳಿದು, ಹಿಮದಲ್ಲಿ ಓಡಿ, ಒಂದು ಮರವನ್ನು ತಬ್ಬಿ ನಿಂತೆ. ಪಕ್ಕಕ್ಕೆ ಸರೀರಮ್ಮಾ, ಕಾಗದದಲ್ಲಿ ನಿಮ್ಮದೇ ಮೊದಲ ಸಹಿ, ಅಂದ ಗರಗಸದವನು. ಹಾಕುವಾಗ ನನಗೆ ಕಣ್ಣಿರಲಿಲ್ಲ ಅಂದೆ. ಅಷ್ಟರಲ್ಲಿ ಜೆನೋನ್ ಹೊರಬಂದ. ಅವನ ಬಿಳಿ ಕಾರಿನ ತುಂಬ ಹಿಕ್ಕೆ! ಇನ್ನು ರಂಪ ಅಂದುಕೊಂಡೆ. ಅವನು ಟೋಪಿ ತೆಗೆದು, ದೇವರೇ, ಇವು ನಮ್ಮ ಅಂಗಳಕ್ಕೇ ಬಂದವಾ, ಅಂತ ಪಿಸುಗುಟ್ಟಿದ. ಆಮೇಲೆ ಗರಗಸದವನಿಗೆ, ಹೋಗಯ್ಯ, ಊಟಕ್ಕೆ ಕೂತವರ ಮುಂದಿಂದ ತಟ್ಟೆ ಎಳೀತೀಯಾ, ಅಂತ ಗದರಿದ.

ಸಹಿ ಹಾಕಿದ್ದವರೆಲ್ಲ ಸಂಜೆ ವಸತಿ ಸಂಘದ ಕಚೇರಿಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡೆವು. ಮರಗಳು ಉಳಿದವು. ಹಕ್ಕಿಗಳು ಮೂರು ದಿನ ತಿಂದವು. ಇವತ್ತು ಒಂದು ಹಣ್ಣೂ ಇಲ್ಲ, ಒಂದು ಹಕ್ಕಿಯೂ ಇಲ್ಲ. ನೀನು ಕಿಟಕಿಯಲ್ಲಿ ಯಾತಕ್ಕೆ ನಿಲ್ಲುತ್ತಿದ್ದೆ ಅಂತ ಈಗ ಗೊತ್ತಾಯಿತು. ಪಕ್ಕದಲ್ಲಿ ನೀನಿಲ್ಲದೆ ಗೊತ್ತಾಯಿತಲ್ಲ, ಅದೇ ಸಂಕಟ.

ಇಂತಿ,
ಲುತ್ಸಿನಾ

ಇನ್ನೊಂದು ಮಾತು: ನೀನು ಮನೆ ಬಿಟ್ಟಿದ್ದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಶ್ವಾಸದ ಚಿಕಿತ್ಸೆಗೆ ಬೆಟ್ಟದೂರಿಗೆ ಹೋಗಿದ್ದೀಯ ಅಂತಲೇ ಎಲ್ಲರೂ ನಂಬಿದ್ದಾರೆ. ಬರುವಾಗ ಮೆಟ್ಟಿಲಲ್ಲಿ ಒಂದೆರಡು ಸಲ ಕೆಮ್ಮು.