ಮೇ ಆರರ ಪಾಯಸ

ಪಟ್ಟಂ, ತಿರುವನಂತಪುರ
14 ಮೇ 1972, ಭಾನುವಾರ

ಪ್ರೀತಿಯ ಚಂದ್ರಾವತಿ ಅಕ್ಕನಿಗೆ,

ಕರ್ತನಲ್ಲಿ ವಂದನೆಗಳು. ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡ. ನಿರ್ಮಲಳನ್ನು ರಜೆಗೆ ಉಡುಪಿಗೆ ಕಳಿಸು, ಹಪ್ಪಳ ಒಣಗಿಸುವ ಹೊತ್ತಿಗೆ ಮನೆಯಲ್ಲೊಂದು ಮಗುವಿನ ಸದ್ದು ಇರಲಿ ಎಂದು ನೀನು ಕೇಳಿದ್ದೆ. ಈ ಸಲ ಅವಳು ಬರುವುದಿಲ್ಲ ಅಕ್ಕ. ಇಲ್ಲಿ ನನ್ನ ಹತ್ತಿರವೂ ಇಲ್ಲ. ಕೊಚ್ಚಿಯಲ್ಲಿ ತ್ರೇಸ್ಯಾ ಚೇಚಿಯ ಮನೆಯಲ್ಲಿದ್ದಾಳೆ. ಬಿಟ್ಟು ಬಂದವಳು ನಾನೇ.

ನಮ್ಮವರು, ನಿತ್ಯಾನಂದರು, ಆರೋಗ್ಯವಾಗಿದ್ದಾರೆ. ಬ್ಯಾಂಕಿನಿಂದ ಬರುವಾಗ ಏಳು ಗಂಟೆಯಾಗುತ್ತದೆ. ಪಕ್ಕದ ಮನೆಗೆ ಮೈಸೂರಿನವರು ಬಂದಿದ್ದಾರೆ, ಗಂಡನಿಗೆ ರಾಕೆಟ್ ಕೇಂದ್ರದಲ್ಲಿ ಕೆಲಸ. ಅವರ ಕನ್ನಡ ಕೇಳಿ ನಿರ್ಮಲ, "ಇದೇದು ಭಾಷಯಾ ಅಮ್ಮೇ?" ಎಂದಳು. ಇದು ಯಾವ ಭಾಷೆ ಅಮ್ಮ, ಅಂತ. ನಾನು ಕನ್ನಡದಲ್ಲಿ ಕರೆದರೆ ಅವಳು ಮಲಯಾಳದಲ್ಲಿ ಓಗೊಡುತ್ತಾಳೆ. ಆ ಮಲಯಾಳವನ್ನು ಕಲಿತದ್ದು ಯಾರ ಮಡಿಲಲ್ಲಿ ಎಂದು ನೆನೆದಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತದೆ.

ತ್ರೇಸ್ಯಾ ಚೇಚಿಯನ್ನು ನೀನು ನೋಡಿಲ್ಲ. ಇಲ್ಲಿ ಅಕ್ಕನಿಗೆ ಚೇಚಿ, ಅಣ್ಣನಿಗೆ ಚೇಟ್ಟನ್ ಎನ್ನುತ್ತಾರೆ. ಕೊಚ್ಚಿಯಲ್ಲಿ ನಾವು ಬಾಡಿಗೆಗಿದ್ದ ಮಹಡಿಯ ಕೆಳಗೆ ಅವರ ಮನೆ. ಗಂಡ ಔಸೇಪ್ ಚೇಟ್ಟನ್ ಬಂದರಿನ ಗೋದಾಮಿನಲ್ಲಿ ಗುಮಾಸ್ತ. ಮಕ್ಕಳಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಮೇ ಆರರಂದು ಅವರಿಬ್ಬರೂ ಹಿನ್ನೀರಿನ ಆಚೆಯ ವಲ್ಲಾರ್ಪಾಡಂ ಇಗರ್ಜಿಗೆ ಬೋಟಿನಲ್ಲಿ ಹೊರಟಿದ್ದರು. ಆರು ವರ್ಷದ ನಿರ್ಮಲ ಹಟ ಹಿಡಿದಳೆಂದು ನಾನೂ ಅವಳೊಂದಿಗೆ ಹೋದೆ. ಬೋಟು ಇಳಿಯುವ ಕಟ್ಟೆಯ ಹತ್ತಿರ ಬಂದಾಗ ಜನ ಒಂದೇ ಕಡೆಗೆ ನುಗ್ಗಿ ಬೋಟು ವಾಲಿತು, ಮಗು ನೀರಿಗೆ ಬಿತ್ತು. ಔಸೇಪ್ ಚೇಟ್ಟನ್ ಚಪ್ಪಲಿಯನ್ನೂ ಬಿಡದೆ ಹಾರಿದರು. ಮಗುವನ್ನು ಎತ್ತಿ ಕೊಟ್ಟರು. ಅವರು ಮೇಲೆ ಬರಲಿಲ್ಲ. ಇಷ್ಟನ್ನು ಆಗಲೇ ಬರೆದಿದ್ದೆ.

ಆಮೇಲಿನದನ್ನು ಬರೆದಿರಲಿಲ್ಲ. ಚೇಚಿ ನಮ್ಮನ್ನು ಶಪಿಸುತ್ತಾಳೆ, ಮನೆ ಬಿಡಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಮಣ್ಣಾದ ಮೂರನೆಯ ದಿನ ಅವಳು ಮಹಡಿ ಹತ್ತಿ ಬಂದು, ಜ್ವರದಲ್ಲಿ ಮಲಗಿದ್ದ ನಿರ್ಮಲಳ ಹಣೆ ಮುಟ್ಟಿ, "ಎಂಡೆ ಮೋಳೇ" ಎಂದಳು. ನನ್ನ ಮಗಳೇ, ಅಂತ. ಅಂದಿನಿಂದ ನಿರ್ಮಲ ಅವಳಿಗೆ ಅಂಟಿಕೊಂಡಳು. ಶಾಲೆಯಿಂದ ಬಂದರೆ ಮಹಡಿ ಹತ್ತುವುದೇ ಇಲ್ಲ. ಚೇಚಿಯನ್ನು ಅಮ್ಮಚ್ಚಿ ಎನ್ನತೊಡಗಿದಳು. ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಹೀನ ಎಂದು ನನಗೆ ಗೊತ್ತು; ಉಪದೇಶಿಯ ಮಗಳು ನಾನು. ಆದರೂ ನಿತ್ಯಾನಂದರನ್ನು ಕಾಡಿ ಬೇಡಿ ಈ ಊರಿಗೆ ವರ್ಗ ಮಾಡಿಸಿಕೊಂಡೆ. ಕೊಚ್ಚಿಯ ಹವೆ ಒಗ್ಗುವುದಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು.

ಈ ವರ್ಷ ನಿರ್ಮಲ ಊಟ ಬಿಟ್ಟಳು. "ಮೇ ಆರಕ್ಕೆ ಕೊಚ್ಚಿಗೆ ಹೋಗಲೇಬೇಕು" ಅಂತ. ಕೊನೆಗೆ ಮೂವರೂ ರೈಲು ಹತ್ತಿದೆವು.

ಬೆಳಿಗ್ಗೆ ಸಿಮಿತ್ತೇರಿಗೆ, ಅಂದರೆ ಅವರ ಹೂಳುವ ನೆಲಕ್ಕೆ, ಹೋದೆವು. ಪಾದ್ರಿ ಬಂದು ಸತ್ತವರಿಗಾಗಿ ಪ್ರಾರ್ಥನೆ ಮಾಡಿದರು. ನಮ್ಮ ಸಭೆಯಲ್ಲಿ ಅದಿಲ್ಲವಲ್ಲ, ನಾನು ಬಿಗಿಯಾಗಿ ನಿಂತಿದ್ದೆ. ಚೇಚಿ ಸಮಾಧಿಯ ಮೇಲೆ ಕವುಚಿ ಬಿದ್ದು, ಎದೆ ಬಡಿದುಕೊಂಡು, ಗಂಡನ ಹೆಸರು ಹಿಡಿದು ಕೂಗಿ ಅತ್ತಳು. ನಾಲ್ಕು ವರ್ಷ ಅಲ್ಲ, ನಾಲ್ಕು ಗಂಟೆ ಕಳೆದಂತೆ. ನಿರ್ಮಲ ಅವಳ ಬೆನ್ನು ಸವರುತ್ತ ಪಕ್ಕದಲ್ಲೇ ಕೂತಿದ್ದಳು.

ಮನೆಗೆ ಬಂದವಳೇ ಚೇಚಿ ಮುಖ ತೊಳೆದು ಚಟ್ಟೆ ಎನ್ನುವ ಬಿಳಿ ರವಿಕೆ ಬದಲಾಯಿಸಿ ಒಲೆ ಹೊತ್ತಿಸಿದಳು. ಪಾಲಪ್ಪ, ಕೋಳಿ, ತೆಂಗಿನ ಹಾಲಿನ ಪಾಯಸ! ನೆರೆಯವರೆಲ್ಲ ಬಂದರು. ನಿರ್ಮಲಳ ಕೊರಳಿಗೆ ಬಣ್ಣದ ಕಾಗದದ ಮಾಲೆ ಹಾಕಿ, "ನನ್ನ ಮೋಳ್‌ಗೆ ಇವತ್ತು ನಾಲ್ಕು ತುಂಬಿತು" ಎಂದು ಎಲ್ಲರಿಗೂ ಸಾರಿದಳು. ನೀರಿನಿಂದ ಎತ್ತಿದ ದಿನವೇ ಹುಟ್ಟಿದ ದಿನವಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ಮಲಳ ಮುಖ ಹೊಳೆಯುತ್ತಿತ್ತು. ನಾನು ಮಾಡುವ ಹುಟ್ಟುಹಬ್ಬಗಳಲ್ಲಿ ಅದು ಹಾಗೆ ಹೊಳೆದದ್ದಿಲ್ಲ ಅಕ್ಕ. ಉಡುಪಿಯಲ್ಲಿ ಎರಡು ದಿನ ನೋವು ತಿಂದು ಹೆತ್ತವಳು ನಾನು. ನೀನೇ ಪಕ್ಕದಲ್ಲಿದ್ದೆ.

ತಡೆಯಲಾರದೆ ಅಡುಗೆಮನೆಗೆ ಹೋಗಿ ಕೇಳಿಯೇಬಿಟ್ಟೆ. "ಬೆಳಿಗ್ಗೆ ಅಷ್ಟು ಅತ್ತು, ಈಗ ಹೇಗೆ ನಗುತ್ತೀರಿ ಚೇಚೀ? ಯಾವುದು ನಾಟಕ?"

ಅವಳಿಗೆ ಸಿಟ್ಟು ಬರಲಿಲ್ಲ. ಪಾಯಸ ಕೈಯಾಡಿಸುತ್ತಲೇ ಅವಳ ಕೊಚ್ಚಿ ಮಲಯಾಳದಲ್ಲಿ ಹೇಳಿದ್ದು ಇಷ್ಟು: "ಎರಡು ದಿನ ಮಾಡೋಣ ಅಂದರೆ ತಂಬುರಾನ್, ಆ ದೇವರು, ನನಗೆ ಕೊಟ್ಟದ್ದು ಒಂದೇ ದಿನ ಅಲ್ಲವಾ ಸುಮಿತ್ರೇ. ಅಳದೆ ಪಾಯಸ ಮಾಡಿದರೆ ಅವರನ್ನು ಮರೆತ ಹಾಗೆ. ಪಾಯಸ ಮಾಡದೆ ಬರೀ ಅತ್ತರೆ ಅವರು ನೀರಿಗೆ ಹಾರಿದ್ದೇ ದಂಡ." ಏಲಕ್ಕಿ ಉದುರಿಸಿ, "ಸತ್ತು ಎದ್ದು ಬಂದ ಮೇಲೂ ಕರ್ತಾವಿನ ಕೈಯಲ್ಲಿ ಗಾಯ ಹಾಗೇ ಇತ್ತು. ನಮ್ಮ ತೋಮಾಶ್ಲೀಹಾ, ಸಂಶಯಪಟ್ಟ ಆ ಶಿಷ್ಯ, ಮುಟ್ಟಿ ನೋಡಿದ್ದು ಅದನ್ನೇ" ಎಂದಳು.

ಅಪ್ಪ ಈಸ್ಟರ್ ದಿನ ಇದನ್ನು ಎಷ್ಟು ಸಲ ಪ್ರಸಂಗ ಮಾಡಿಲ್ಲ! ನಾವು ಮುಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇ ಅಲ್ಲವೇ. ಆಗ ಅದು ನನಗೆ ಬರೀ ಮಾತಾಗಿತ್ತು. ಮೂರನೆಯ ತರಗತಿ ದಾಟದ ಇವಳು ಅದನ್ನು ಸೌಟಿನಲ್ಲಿ ತೆಗೆದು ಬಡಿಸುತ್ತಿದ್ದಳು. ಮಗಳ ವಿಷಯದ ಹೊಟ್ಟೆಕಿಚ್ಚು ಸಾಲದೆಂಬಂತೆ ಚೇಚಿಯ ವಿಶ್ವಾಸದ ಮೇಲೂ ಹೊಟ್ಟೆಕಿಚ್ಚಾಯಿತು.

ಹೊರಡುವಾಗ ನಿರ್ಮಲ, ಶಾಲೆ ತೆರೆಯುವವರೆಗೆ ಇಲ್ಲೇ ಇರುತ್ತೇನೆ ಎಂದು ಅತ್ತಳು. ನಿತ್ಯಾನಂದರು, "ಇರಲಿ ಮಾರಾಯ್ತಿ, ಮೂರು ವಾರ ಅಷ್ಟೇ ಅಲ್ವಾ" ಎಂದರು. ಅವಳ ಬಟ್ಟೆಯ ಚೀಲವನ್ನು ನಾನೇ ಒಳಗಿಟ್ಟು ಬಂದೆ. ಆಲುವದಿಂದ ಬಂದಿದ್ದ ಚೇಚಿಯ ತಮ್ಮ ನಮ್ಮನ್ನು ಸ್ಟೇಷನ್ನಿಗೆ ಬಿಟ್ಟ.

ಭಾವನವರಿಗೆ ನಮ್ಮಿಬ್ಬರ ವಂದನೆ ತಿಳಿಸು. ನಿನ್ನ ಮಂಡಿನೋವು ಕಡಿಮೆಯಾಗಲೆಂದು ಪ್ರತಿದಿನ ಪ್ರಾರ್ಥಿಸುತ್ತೇನೆ. ದೇವರು ನಿನ್ನ ಮನೆಯ ಮೇಲೆ ಕೃಪೆಯ ಕೈ ಇಟ್ಟಿರಲಿ.

ನಿನ್ನ ತಂಗಿ,
ಸುಮಿತ್ರ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ನೂಕುನುಗ್ಗಲಿನಲ್ಲಿ ಮಗು ಜಾರಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಜಾರಲಿಲ್ಲ ಅಕ್ಕ. ಬೋಟು ವಾಲಿದಾಗ ಅವಳು ಎರಡೂ ಕೈಯಿಂದ ನನ್ನ ತೋಳು ಹಿಡಿದಿದ್ದಳು. ಕಂಬಿ ಹಿಡಿಯಲು ನನಗೆ ಆ ತೋಳು ಬೇಕಾಯಿತು. ಅವಳ ಬೆರಳುಗಳನ್ನು ನಾನೇ ಬಿಡಿಸಿದೆ. ಯಾರೂ ನೋಡಿಲ್ಲ ಎಂದುಕೊಂಡು ನಾಲ್ಕು ವರ್ಷ ಬದುಕಿದೆ.

ಅಡುಗೆಮನೆಯಲ್ಲಿ ನಾನು ಕೊನೆಗೆ, "ಅವಳು ನಿಮ್ಮ ಮಗಳಲ್ಲ, ನನ್ನ ಮಗಳು" ಎಂದು ಕೂಗಿದೆ. ಚೇಚಿ ಬಾಗಿಲು ಮುಂದೆ ಮಾಡಿ, ಮೆಲ್ಲಗೆ, "ಞಾನ್ ಕಂಡಿರುನ್ನು" ಎಂದಳು. ನಾನು ನೋಡಿದ್ದೆ, ಎಂದು. ಎದುರಿನ ಬೆಂಚಿನಲ್ಲೇ ಇದ್ದಳಂತೆ. "ಹೆದರಿದಾಗ ಕೈಗೆ ಬುದ್ಧಿ ಇರುವುದಿಲ್ಲ. ನಿನ್ನ ಗಂಡನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ" ಎಂದು ಒಂದು ಲೋಟ ಪಾಯಸ ನನ್ನ ಕೈಗಿಟ್ಟಳು. ನಾನು ನಿಂತಲ್ಲೇ ಕುಡಿದೆ. ತುಂಬ ಸಿಹಿಯಾಗಿತ್ತು.

ಇವರಿಗೆ ಗೊತ್ತಿಲ್ಲ. ನಿರ್ಮಲಳಿಗೆ ನೆನಪಿದೆಯೋ ಇಲ್ಲವೋ, ಕೇಳಲು ಹೆದರಿಕೆ. ಬೈಯಬೇಕಾದವಳು ಪಾಯಸ ಕೊಟ್ಟಳು. ನೀನಾದರೂ ಬೈದು ಒಂದು ಕಾಗದ ಬರೆ ಅಕ್ಕ.